ರೋಗನಿರೋಧಕ ಶಕ್ತಿಗೂ ಹದ ಬೇಕು

ಇಮ್ಯುನಿಟಿ ಹೆಚ್ಚಿಸುವ ಪುಡಿ ತರಿಸಲೇ ಎಂದು ಕೇಳಿದೆಯಲ್ಲಮ್ಮಾ, ದುಡ್ಡು ಕೊಡುವ ಮೊದಲು ಒಂದು ವಿಷಯ ತಿಳಿದುಕೋ.

ನಿನ್ನ ರಕ್ತಪರೀಕ್ಷೆಯ ಸಿಬಿಸಿ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಎಂಬ ಸಾಲಿದೆ, ನೋಡು. ದೊಡ್ಡವರ ಬಿಳಿ ರಕ್ತಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಇವೇ. ಗಾಯವಾದ ಕಡೆಗೆ ಮೊದಲು ಓಡಿಬರುವವೂ ಇವೇ. ಕೀವಿನಲ್ಲಿ ತುಂಬಿರುವುದು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳು.

ಇವು ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ ಎಂಬುದು ಹಳೆಯ ಪಾಠ. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬ್ರಿಂಕ್‌ಮನ್, ಝಿಕ್ಲಿನ್ಸ್ಕಿ ಮತ್ತು ಸಂಗಡಿಗರು 2004ರಲ್ಲಿ ಇವುಗಳ ಇನ್ನೊಂದು ವರಸೆಯನ್ನು ತೋರಿಸಿಕೊಟ್ಟರು. ಕಣದೊಳಗೆ ಬಿಗಿಯಾಗಿ ಸುತ್ತಿಟ್ಟ ಡಿಎನ್‌ಎ ಸಡಿಲವಾಗುತ್ತದೆ, ಪೊರೆ ಒಡೆಯುತ್ತದೆ, ಎಳೆಗಳು ಬಲೆಯಂತೆ ಹೊರಗೆ ಹರಡುತ್ತವೆ. ಎಳೆಗಳ ತುಂಬ ಹಿಸ್ಟೋನ್, ಎಲಾಸ್ಟೇಸ್‌ನಂಥ ಪ್ರೋಟೀನುಗಳು ಅಂಟಿರುತ್ತವೆ. ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಸಿಕ್ಕಿಬಿದ್ದರೆ ಮುಂದೆ ಹರಡುವುದು ಕಷ್ಟ. ಬಲೆ ಬೀಸಿದ ಕಣವೂ ಹೆಚ್ಚಿನ ಸಲ ಅಲ್ಲೇ ಪ್ರಾಣ ಬಿಡುತ್ತದೆ.

ಕೆಲಸ ಮುಗಿದ ಮೇಲೆ ಈ ಬಲೆ ಕರಗಬೇಕು. ರಕ್ತದಲ್ಲಿರುವ ಡಿಎನ್‌ಏಸ್ ಎಂಬ ಕಿಣ್ವ ಅದನ್ನು ತುಂಡರಿಸುತ್ತದೆ. ಬಲೆ ಅತಿಯಾದರೆ, ಇಲ್ಲವೇ ಕರಗದೆ ಉಳಿದರೆ, ಕಾಯುವುದೇ ಕಾಡತೊಡಗುತ್ತದೆ. ರಕ್ತನಾಳದಲ್ಲಿ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿ ರಕ್ತ ಹೆಪ್ಪುಗಟ್ಟಬಹುದು. ಕೋವಿಡ್ ಉಲ್ಬಣಿಸಿದವರ ಶ್ವಾಸಕೋಶದಲ್ಲೂ ಈ ಬಲೆಗಳು ಕಂಡಿವೆ. ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ ಇರುವ ಕೆಲವರಲ್ಲಿ ಬಲೆ ಕರಗಿಸುವ ಶಕ್ತಿಯೇ ಕುಗ್ಗಿರುತ್ತದೆ. ಬಲೆ ಬಿಚ್ಚುವಾಗ ರೂಪ ಬದಲಿಸಿದ ಪ್ರೋಟೀನುಗಳನ್ನು ದೇಹ ಶತ್ರುವೆಂದು ಬಗೆಯುವುದೂ ಉಂಟು. ರುಮಟಾಯ್ಡ್ ಸಂಧಿವಾತದಲ್ಲಿ ಮಾಡಿಸುವ ಆಂಟಿ-ಸಿಸಿಪಿ ಪರೀಕ್ಷೆ ಹುಡುಕುವುದು ಇಂಥ ಪ್ರೋಟೀನುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನೇ. ಸಕ್ಕರೆ ಕಾಯಿಲೆಯವರ ನ್ಯೂಟ್ರೋಫಿಲ್‌ಗಳು ಬಲೆ ಬೀಸಲು ತುದಿಗಾಲಲ್ಲಿ ನಿಂತಿರುತ್ತವೆ. ಅವರ ಗಾಯ ತಡವಾಗಿ ಮಾಯಲು ಇದೂ ಒಂದು ಕಾರಣ.

ಹೀಗಿರುವಾಗ ಶಕ್ತಿಯನ್ನು ಸುಮ್ಮನೆ ಏರಿಸುತ್ತಾ ಹೋಗುವುದರಲ್ಲಿ ಏನರ್ಥ? ದೇಹಕ್ಕೆ ಬೇಕಾದದ್ದು ಹದ. ಅದಕ್ಕೆ ಹೊತ್ತಿಗೆ ಸರಿಯಾದ ಊಟ, ನಿದ್ದೆ, ನಡಿಗೆ, ಡಾಕ್ಟರು ಹೇಳಿದ ಲಸಿಕೆ ಸಾಕು. ಪುಡಿಯ ದುಡ್ಡಿನಲ್ಲಿ ಹಣ್ಣು ತಗೋ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಿನಾ ಅವರ ಅಂಗಾಲು ನೋಡು. ಬೆಳಗ್ಗೆ ಎದ್ದಾಗ ಬೆರಳ ಗಿಣ್ಣುಗಳು ಬಿಗಿದು, ಹೊತ್ತೇರಿದರೂ ಸಡಿಲವಾಗದೆ ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ರಕ್ತ ಹೆಪ್ಪುಗಟ್ಟಿರಬಹುದು; ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡು. ಲೂಪಸ್‌ಗೋ ಸಂಧಿವಾತಕ್ಕೋ ಮಾತ್ರೆ ನುಂಗುತ್ತಿರುವವರು, ಅದು ಇಮ್ಯುನಿಟಿ ತಗ್ಗಿಸುತ್ತದೆಯಂತೆ ಎಂದು ಯಾರದೋ ಮಾತು ಕೇಳಿ ತಾವಾಗಿಯೇ ನಿಲ್ಲಿಸುವುದು ಬೇಡ. ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಲಿ.