ಗುಜರಿ ಬೆಲೆಯ ಚಾಕುಗಳು

ಹಳೆಯ ಮಡಚುವ ಚಾಕುವಿಗೆ ನಮ್ಮ ಕಡೆ ಎರಡು ಬೆಲೆ. ಗುಜರಿಯವನ ತಕ್ಕಡಿಯಲ್ಲಿ ಅದು ಬರೀ ಕಬ್ಬಿಣ, ಕೆಜಿ ಲೆಕ್ಕ. ಅದೇ ಚಾಕು ಬೆಂಗಳೂರಿನ ಸಂಡೇ ಬಜಾರ್ ಸೇರಿದರೆ ‘ಆ್ಯಂಟಿಕ್’. ಉಮ್ಮತ್ತೂರಿನಲ್ಲಿದ್ದುಕೊಂಡು ತಿಂಗಳ ಸಂಬಳದಲ್ಲಿ ಮನೆ ನಡೆಸುವ ನನ್ನಂಥವನಿಗೆ ಈ ಹವ್ಯಾಸ ಕೈಗೆಟುಕಬೇಕಾದರೆ, ಚಾಕು ತಕ್ಕಡಿ ಇಳಿದ ಮೇಲೆ, ಬೆಂಗಳೂರು ಬಸ್ಸು ಹತ್ತುವ ಮುಂಚೆ ಸಿಗಬೇಕು.

ಇತಿಹಾಸದಲ್ಲಿ ಉಮ್ಮತ್ತೂರಿನ ಹೆಸರು ಬರುವುದು ಕತ್ತಿಯ ಜೊತೆಗೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ಇಲ್ಲಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆ ಹಿಡಿದ. ನನ್ನ ಆಸಕ್ತಿ ಮೂರು ಇಂಚಿನ ಅಲಗಿನದ್ದು. ಅಡಿಕೆ ಹೋಳು ಮಾಡಲು, ಬೇವಿನ ಕಡ್ಡಿ ಸೀಳಲು, ಬಾಳೆಯ ನಾರು ಕೊಯ್ಯಲು ಹಿರಿಯರು ಜೇಬಿನಲ್ಲೋ ಎಲೆಚೀಲದಲ್ಲೋ ಇಟ್ಟುಕೊಳ್ಳುತ್ತಿದ್ದಂಥವು. ನರ್ಸರಿಯವರ ಕಸಿ ಚಾಕು, ನಿವೃತ್ತ ಸೈನಿಕರು ತಂದ ದಪ್ಪ ಮೊಳೆಯಿರುವ ಮಿಲಿಟರಿ ಚಾಕು, ಯಾವಾಗಲಾದರೊಮ್ಮೆ ಷೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆ ಗುರುತಿನದ್ದೂ ಸಂತೇಮರಹಳ್ಳಿ, ಚಾಮರಾಜನಗರ, ಮೈಸೂರಿನ ಗುಜರಿ ರಾಶಿಗಳಲ್ಲಿ ಸಿಗುತ್ತವೆ.

ತಿಂಗಳಿಗೆ 300 ರೂಪಾಯಿ ಒಂದು ಡಬ್ಬಿಗೆ ಹಾಕುತ್ತೇನೆ. ಅಂಚೆ ಕಚೇರಿಯ ಆರ್‌ಡಿಗೆ ತಿಂಗಳಿಗೆ ಕನಿಷ್ಠ 100 ರೂಪಾಯಿ ಸಾಕು ಎಂಬುದು ಗೊತ್ತಿದ್ದೇ ಹೀಗೆ ಮಾಡುತ್ತಿದ್ದೇನೆ. ಆರ್‌ಡಿ ಬೇರೆ ಕಟ್ಟುತ್ತೇನೆ, ಅದನ್ನು ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಇದ್ದಷ್ಟೇ ಜೇಬಿಗೆ. ಗುಜರಿ ಅಂಗಡಿಗೆ ಫೋನ್‌ಪೇ ಇರುವ ಮೊಬೈಲು ಒಯ್ಯುವುದಿಲ್ಲ. ಇದು ಜಿಪುಣತನವೆಂದು ಹೆಂಡತಿಯೂ ಹೇಳಿಲ್ಲ.

ಕೊಳ್ಳುವ ಮುಂಚೆ ನೋಡಬೇಕಾದದ್ದು ಹೊಳಪನ್ನಲ್ಲ. ಅಲಗನ್ನು ಅರ್ಧ ಬಿಚ್ಚಿ ಅಕ್ಕಪಕ್ಕ ಅಲ್ಲಾಡಿಸಿ. ಸಡಿಲವಿದ್ದರೆ ರಿವೀಟು ಸವೆದಿದೆ. ಅದನ್ನು ಬಡಿದು ಬಿಗಿ ಮಾಡುವ ಕುಶಲಿ ಸಿಗುವುದು ಕಷ್ಟ. ಪೂರ್ತಿ ಬಿಚ್ಚಿದಾಗಲೂ ಮಡಚಿದಾಗಲೂ ಸ್ಪ್ರಿಂಗು ಟಕ್ಕೆಂದು ಹಿಡಿಯಬೇಕು. ಹಿಡಿ ಒಡೆದಿದ್ದರೆ ಪರವಾಗಿಲ್ಲ, ಬಡಗಿ ಮರದ್ದು ಕೂರಿಸಿಕೊಡುತ್ತಾನೆ. ಸ್ಪ್ರಿಂಗು ಮುರಿದಿದ್ದರೆ ಮಾತ್ರ ನಿಜಕ್ಕೂ ಕೆಜಿ ಲೆಕ್ಕದ ಮಾಲು. ಸಾಣೆ ಹಿಡಿದು ಹಿಡಿದು ಅಲಗು ಕಿರಿದಾಗಿದ್ದರೆ ಬೆಲೆ ಇಳಿಸಲು ಅದೇ ಸಾಕು. ಕಂಪನಿಯ ಗುರುತು ಅಲಗಿನ ಬುಡದಲ್ಲಿರುತ್ತದೆ, ಅಲ್ಲಿಗೆ ಟಾರ್ಚ್ ಬಿಡಿ. ತುಕ್ಕು ಮೇಲ್ಮೈಯದ್ದೋ ಗುಂಡಿ ಬಿದ್ದಿದೆಯೋ ಉಗುರಿನಿಂದ ಕೆರೆದರೆ ತಿಳಿಯುತ್ತದೆ.

“ಉಜ್ಜಿ ಫಳಫಳ ಮಾಡ್ಕೊಡ್ಲಾ ಸಾ?” ಎಂದು ಅಂಗಡಿಯವನು ಕೇಳಿದರೆ ಬೇಡ ಅನ್ನಿ. ಹಳೆಯ ಕಾರ್ಬನ್ ಸ್ಟೀಲಿಗೆ ಬಂದಿರುವ ಬೂದು ಬಣ್ಣವೇ ಅದರ ವಯಸ್ಸು. ಉಪ್ಪುಕಾಗದ ತಾಗಿದರೆ ಬಣ್ಣವೂ ಹೋಯಿತು, ಕೊಳ್ಳುವವನೂ ಹೋದ. ಸೀಮೆಎಣ್ಣೆ, ಹಳೇ ಬನಿಯನ್ನಿನ ಬಟ್ಟೆ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ: ನಿರ್ವಹಣೆಯ ಖರ್ಚು ಇಷ್ಟೇ. ಆಯುಧಪೂಜೆಯ ದಿನ ಒದ್ದೆ ಕುಂಕುಮ ಇಟ್ಟರೆ ರಾತ್ರಿಯೇ ಒರೆಸಿಬಿಡಬೇಕು.

ಕಾನೂನನ್ನು ದುಡ್ಡಿನ ಅಂಕಣದಲ್ಲಿ ಹೇಳುವುದೇಕೆಂದರೆ ವಕೀಲರ ಫೀಸು ಯಾವ ಚಾಕುವಿಗಿಂತಲೂ ದುಬಾರಿ. ಮನೆ, ಹೊಲದ ಕೆಲಸಕ್ಕೆಂದು ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಹಿಂದಿ ಸಿನಿಮಾದ ಖಳರು ಝಳಪಿಸಿದ ಉದ್ದನೆಯ ರಾಂಪುರಿಯನ್ನು ಅದಕ್ಕೇ ಬಿಟ್ಟಿದ್ದೇನೆ. ಅದಕ್ಕಿಂತ ಹತ್ತಿರದ ಅಪಾಯ ಹಿಡಿಯಲ್ಲಿದೆ. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ನಮ್ಮೂರಿನ ಬಯಲಲ್ಲೇ ಕೃಷ್ಣಮೃಗ. ಜಿಂಕೆಯದೋ ಕಡವೆಯದೋ ಕೊಂಬಿನ ಹಿಡಿಯ ಚಾಕು ಎಷ್ಟು ಅಗ್ಗವಾದರೂ ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಣ್ಣೆದುರಿಗಿದೆ. ಎಮ್ಮೆ ಕೊಂಬಿನದ್ದಕ್ಕೆ ತೊಂದರೆಯಿಲ್ಲ, ಆದರೆ ಗುರುತಿಸುವ ಕಣ್ಣು ನಿಮಗಿರಬೇಕು. ಸಂಶಯ ಬಂದರೆ ಅಲ್ಲೇ ಬಿಟ್ಟು ಬನ್ನಿ.

ವಿದೇಶಿ ಚಾಕುಗಳ ಆಸೆ ನನಗೂ ಇದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು ಹಳ್ಳಿಗರ ಚಾಕು: ಒಂದು ಮರದ ಹಿಡಿ, ಒಂದು ಅಲಗು. ತಿರುಗಿಸಿ ಬಿಗಿಯುವ ಬಳೆ ಸೇರಿದ್ದು 1955ರಲ್ಲಿ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಯಲ್ಲಂತೂ ಸ್ಪ್ರಿಂಗೂ ಇಲ್ಲ, ಮಡಚಿದ ತಗಡೇ ಹಿಡಿ. ಎರಡೂ ತಮ್ಮ ನಾಡಿನಲ್ಲಿ ಬಡವರ ಸಾಮಾನು. ಇಲ್ಲಿಗೆ ತರಿಸುವಾಗ ಸಾಗಣೆ, ಸುಂಕ ಸೇರಿ ಸಿರಿವಂತರದ್ದಾಗುತ್ತವೆ. ಹೋಗಿ ಬರುವ ನೆಂಟರಿದ್ದರೆ ಹೇಳಿ ತರಿಸಿ, ಚೆಕ್-ಇನ್ ಲಗೇಜಿನಲ್ಲೇ ಇಡಲು ಹೇಳಿ; ಕೈಚೀಲದಲ್ಲಿದ್ದರೆ ವಿಮಾನ ನಿಲ್ದಾಣದಲ್ಲೇ ಕಳೆದುಕೊಳ್ಳುತ್ತಾರೆ.

ಇದನ್ನು ಹೂಡಿಕೆ ಎನ್ನುವವರ ಮಾತು ನಾನು ನಂಬುವುದಿಲ್ಲ. ಚಿನ್ನವಾದರೆ ಸೊಸೈಟಿಯಲ್ಲಿ ಅಡವಿಡಬಹುದು, ಚಾಕು ಇಟ್ಟುಕೊಂಡು ಯಾರು ಸಾಲ ಕೊಡುತ್ತಾರೆ? ಕೊಳ್ಳುವಾಗ ನಮಗೆ ಕೇಳುವುದು ಆ್ಯಂಟಿಕ್ ಬೆಲೆ, ಅರ್ಜೆಂಟಾಗಿ ಮಾರಲು ಹೋದರೆ ಸಿಗುವುದು ತಕ್ಕಡಿಯ ಬೆಲೆ. ಲೆಕ್ಕದ ಪುಸ್ತಕದಲ್ಲಿ ಇದನ್ನು ಬರೆಯುವುದು ಸಿನಿಮಾ, ಹೋಟೆಲಿನ ಸಾಲಿನಲ್ಲಿ. ಒಂದೇ ಬಗೆಯದು ಎರಡಾದರೆ ಒಂದು ತೋಟದಲ್ಲಿ ಕೆಲಸ ಮಾಡುವವರ ಕೈಗೆ ಹೋಗುತ್ತದೆ.

ಸದ್ಯ ಮೈಸೂರಿನ ಸಂತೆಪೇಟೆಯಲ್ಲಿ ಒಬ್ಬರ ಬಳಿ ಎಲುಬಿನ ಹಿಡಿಯ ಎರಡಲಗಿನ ರಾಜರ್ಸ್ ಇದೆ. ಸ್ಪ್ರಿಂಗು ಗಟ್ಟಿ, ಗುರುತು ಸ್ಪಷ್ಟ. ಅವರು ಹೇಳುವುದು 1,500, ನನ್ನ ಮಾತು 900. ಡಬ್ಬಿಯಲ್ಲಿ 600 ಇದೆ. ಮುಂದಿನ ಸಂಬಳದವರೆಗೆ ಬೇರೆಯವರು ಕೇಳದಿರಲಿ.