ಸತುವಿನ ಸಲ್ಫೇಟೋ, ಮೆಗ್ನೀಷಿಯಂ ಸಲ್ಫೇಟೋ? ಪರೀಕ್ಷಿಸಿ ನೋಡಿ

ಬತ್ತದ ನಾಟಿಯಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗದ್ದೆಯಲ್ಲಿ ಅಲ್ಲಲ್ಲಿ ಪೈರು ಕುಳ್ಳಾಗಿ, ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದರೆ ಅದು ಸತುವಿನ ಕೊರತೆಯ ಚಿಹ್ನೆಯೆಂಬುದು ಈಗ ಬಹುಮಂದಿ ರೈತರಿಗೆ ತಿಳಿದ ವಿಷಯ. ಉತ್ತರ ಭಾರತದ ತೆರಾಯಿ ಪ್ರದೇಶದಲ್ಲಿ 'ಖೈರಾ' ಎಂದು ಕರೆಯುತ್ತಿದ್ದ ಈ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು 1966ರಲ್ಲಿ ಪಂತನಗರದಲ್ಲಿ ಡಾ. ವೈ. ಎಲ್. ನೆನೆ ಅವರು ತೋರಿಸಿಕೊಟ್ಟರು. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಸುಣ್ಣಯುಕ್ತ ಕಪ್ಪು ಭೂಮಿಗಳಲ್ಲಿಯೂ ಈ ಕೊರತೆ ಕಂಡುಬರುತ್ತದೆ. ಪರಿಹಾರವೇನೂ ಕಷ್ಟದ್ದಲ್ಲ. ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟ್ ಕೊಟ್ಟರೆ ಸಾಕು. ಆದರೆ ಕೊಟ್ಟ ಮೇಲೂ ಪೈರು ಚೇತರಿಸಲಿಲ್ಲವೆಂದು ದೂರುವವರಿದ್ದಾರೆ. ಇದಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಒಂದು, ಚೀಲದಲ್ಲಿದ್ದದ್ದು ಸತುವಿನ ಸಲ್ಫೇಟೇ ಅಲ್ಲದಿರುವುದು.

ಸತುವಿನ ಸಲ್ಫೇಟಿಗೆ ಬೆರಕೆ ಮಾಡಲು ಹೆಚ್ಚಾಗಿ ಬಳಸುವ ವಸ್ತು ಮೆಗ್ನೀಷಿಯಂ ಸಲ್ಫೇಟ್. ಎರಡೂ ಬಿಳಿಯ ಹರಳುಗಳು, ಎರಡೂ ನೀರಿನಲ್ಲಿ ಸುಲಭವಾಗಿ ಕರಗುತ್ತವೆ, ಎರಡರ ಒಂದೊಂದು ಕಣದಲ್ಲಿಯೂ ಏಳು ನೀರಿನ ಕಣಗಳು ಸೇರಿಕೊಂಡಿವೆ. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಇವನ್ನು ಬೇರೆ ಮಾಡಲು ರಸಾಯನ ಶಾಸ್ತ್ರಜ್ಞನಿಗೂ ಸಾಧ್ಯವಿಲ್ಲ. ಬೆಲೆಯಲ್ಲಿ ಮಾತ್ರ ಬಹಳ ಅಂತರವಿದೆ. ಮೋಸಕ್ಕೆ ಇನ್ನೊಂದು ಅನುಕೂಲವೂ ಉಂಟು. ಮೆಗ್ನೀಷಿಯಂ ಸಲ್ಫೇಟಿನಲ್ಲಿ ಗಂಧಕವಿರುವುದರಿಂದ, ಗಂಧಕ ಕಡಿಮೆಯಿರುವ ಭೂಮಿಯಲ್ಲಿ ಪೈರು ಸ್ವಲ್ಪ ಹಸಿರಾಗಿ ಕಂಡು ರೈತನು ಸಮಾಧಾನಪಟ್ಟುಕೊಳ್ಳುತ್ತಾನೆ. ಅಷ್ಟರಲ್ಲಿ ತೆಂಡೆಯೊಡೆಯುವ ಕಾಲ ಮುಗಿದಿರುತ್ತದೆ.

ಹಾಗೆಂದು ಮೆಗ್ನೀಷಿಯಂ ಸಲ್ಫೇಟ್ ಕೆಟ್ಟ ವಸ್ತುವೆಂದು ತಿಳಿಯಬಾರದು. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ನೀರನ್ನು ಕಹಿಯೆಂದು ದನಗಳು ಕುಡಿಯದೆ ಹೋದುದರಿಂದ ಈ ಲವಣದ ಸುಳಿವು ಸಿಕ್ಕಿತೆಂದು ಹೇಳಿಕೆಯುಂಟು. 1695ರಲ್ಲಿ ನೆಹೆಮಿಯಾ ಗ್ರೂ ಎಂಬ ವೈದ್ಯ ಅದರ ಮೇಲೆ ಗ್ರಂಥವನ್ನೇ ಬರೆದ. ಅಂದಿನಿಂದ ಎಪ್ಸಮ್ ಸಾಲ್ಟ್ ಎಂಬ ಹೆಸರಿನಲ್ಲಿ ಅದು ಭೇದಿಯ ಔಷಧಿಯಾಗಿ ಮನುಷ್ಯರಿಗೂ ದನಕರುಗಳಿಗೂ ಬಳಕೆಯಲ್ಲಿದೆ. ಇದಕ್ಕಿಂತ ದೊಡ್ಡ ಉಪಯೋಗ ಹೆರಿಗೆಯ ಕೋಣೆಯಲ್ಲಿ. ಬಸುರಿಯರಿಗೆ ರಕ್ತದ ಒತ್ತಡ ಏರಿ ಫಿಟ್ಸ್ ಬರುವ ಗರ್ಭನಂಜಿನಲ್ಲಿ ತಾಯಿಯ ಜೀವ ಉಳಿಸುವ ಚುಚ್ಚುಮದ್ದು ಇದೇ. ಭಾರತವೂ ಭಾಗವಹಿಸಿದ್ದ, 1995ರಲ್ಲಿ ಪ್ರಕಟವಾದ ಅನೇಕ ದೇಶಗಳ ಪರೀಕ್ಷೆಯಲ್ಲಿ, ಫಿಟ್ಸ್ ಮರುಕಳಿಸದಂತೆ ತಡೆಯಲು ಆಗ ರೂಢಿಯಲ್ಲಿದ್ದ ಬೇರೆ ಎರಡು ಔಷಧಿಗಳಿಗಿಂತ ಇದು ಮೇಲೆಂದು ಸಿದ್ಧವಾಯಿತು. 2002ರ ಇನ್ನೊಂದು ಪರೀಕ್ಷೆಯಲ್ಲಿ ಸುಮಾರು 10,000 ಸ್ತ್ರೀಯರನ್ನು ಗಮನಿಸಿದಾಗ, ಮೊದಲೇ ಕೊಟ್ಟರೆ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಗುವುದೆಂದು ತಿಳಿಯಿತು. ಇದು ಆಸ್ಪತ್ರೆಯ ಶುದ್ಧ ಲವಣದ ಮಾತು. ಪ್ರಮಾಣ ಮೀರಿದರೆ ಉಸಿರೇ ನಿಲ್ಲಬಹುದಾದ ಔಷಧಿಯಿದು. ಗೊಬ್ಬರದ ಅಂಗಡಿಯ ಉಪ್ಪನ್ನು ಮನುಷ್ಯರಿಗಾಗಲಿ ದನಗಳಿಗಾಗಲಿ ಎಂದಿಗೂ ಕೊಡಕೂಡದು.

ಬೆಳೆಗೆ ಮೆಗ್ನೀಷಿಯಂ ಬೇಕಾದ ಸಂದರ್ಭಗಳೂ ಇವೆ. ಎಲೆಯ ಹಸಿರಿನ, ಅಂದರೆ ಪತ್ರಹರಿತ್ತಿನ, ನಡುವಿನಲ್ಲಿ ಕುಳಿತಿರುವುದೇ ಮೆಗ್ನೀಷಿಯಂ. ಅದು ಕಡಿಮೆಯಾದಾಗ ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಮಳೆ ಹೆಚ್ಚಾಗಿರುವ ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಇದು ಸಹಜ. ಅಲ್ಲಿ ಡಾಲಮೈಟ್ ಸುಣ್ಣ ಹಾಕುವುದೇ ಅಗ್ಗದ, ಬಹುಕಾಲ ಬಾಳುವ ದಾರಿ. ಹತ್ತಿಯ ಎಲೆ ಕೆಂಪಾಗುವುದಕ್ಕೆ ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸುವುದುಂಟು. ಆದರೆ ಜಿಗಿಹುಳು, ರಾತ್ರಿಯ ಚಳಿ, ನೀರು ನಿಲ್ಲುವಿಕೆ, ಸಾರಜನಕದ ಕೊರತೆ ಇವುಗಳಿಂದಲೂ ಎಲೆ ಕೆಂಪಾಗುವುದರಿಂದ ಕಾರಣ ನೋಡದೆ ಸಿಂಪಡಿಸಿದರೆ ದುಡ್ಡು ದಂಡ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಇದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಮಾಡಬಹುದಾದಷ್ಟು ಸುಲಭ. ವಿಜ್ಞಾನದ ಉಪಾಧ್ಯಾಯರನ್ನು ಕೇಳಿಕೊಂಡು ಅಲ್ಲಿಯೇ ಮಾಡುವುದು ಲೇಸು. ಏಕೆಂದರೆ ಇದಕ್ಕೆ ಬೇಕಾದ ಕಾಸ್ಟಿಕ್ ಸೋಡ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸೋಡವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ.

ಒಂದು ಚಮಚ ಗೊಬ್ಬರವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಎರಡು ಚಮಚದಷ್ಟನ್ನು ಗಾಜಿನ ಕೊಳವೆಗೆ ಹಾಕಿರಿ. ಇನ್ನೊಂದು ಲೋಟ ನೀರಿನಲ್ಲಿ ಒಂದು ಚಮಚ ಕಾಸ್ಟಿಕ್ ಸೋಡ ಕರಗಿಸಿದ ತೆಳು ದ್ರಾವಣವನ್ನು ಹನಿಹನಿಯಾಗಿ ಸೇರಿಸಿರಿ. ಗಂಜಿಯಂಥ ಬಿಳಿಯ ಗಸಿ ಕಟ್ಟುತ್ತದೆ. ಇಲ್ಲಿಯವರೆಗೆ ಎರಡು ಲವಣಗಳೂ ಒಂದೇ ರೀತಿ ವರ್ತಿಸುತ್ತವೆ. ವ್ಯತ್ಯಾಸ ತಿಳಿಯುವುದು ಇನ್ನು ಮುಂದೆ. 50 ಮಿಲಿ ಲೀಟರ್ ನೀರಿಗೆ 20 ಗ್ರಾಂ ಸೋಡ ಹಾಕಿ ತಣಿಸಿದ ಗಟ್ಟಿ ದ್ರಾವಣವನ್ನು ಒಂದು ಚಮಚ ಸೇರಿಸಿ ಕಲಕಿರಿ. ಸತುವಿನ ಗಸಿಯಾದರೆ ಸಂಪೂರ್ಣವಾಗಿ ಕರಗಿ ನೀರು ತಿಳಿಯಾಗುತ್ತದೆ. ಮೆಗ್ನೀಷಿಯಂನ ಗಸಿ ಎಷ್ಟು ಸೋಡ ಹಾಕಿದರೂ ಕರಗದೆ ಹಾಗೆಯೇ ಉಳಿಯುತ್ತದೆ. ಔಷಧಿಯಂಗಡಿಯಲ್ಲಿ ಹುಳಿತೇಗಿಗೆಂದು ಮಾರುವ ಮಿಲ್ಕ್ ಆಫ್ ಮೆಗ್ನೀಷಿಯ ಈ ಗಸಿಯೇ. ಸ್ವಲ್ಪ ಕರಗಿ ಸ್ವಲ್ಪ ಉಳಿದರೆ ಬೆರಕೆಯಿದೆಯೆಂದು ಸಂಶಯಪಡಬೇಕು. ಉಳಿದದ್ದು ಕಂದು ಬಣ್ಣದ್ದಾಗಿದ್ದರೆ ಅದು ಕಬ್ಬಿಣ ಮುಂತಾದ ಕಲ್ಮಶವಿರಬಹುದು.

ಕಾಸ್ಟಿಕ್ ಸೋಡ ಸಿಗದವರಿಗೆ ಡಿ.ಎ.ಪಿ. ಇದೆ. ಡಿ.ಎ.ಪಿ.ಯನ್ನು ನೀರಿನಲ್ಲಿ ಕರಗಿಸಿ, ತಿಳಿಯನ್ನು ಬಸಿದು ಗೊಬ್ಬರದ ದ್ರಾವಣಕ್ಕೆ ಸೇರಿಸಿದರೆ ಸತುವಿನ ಸಲ್ಫೇಟ್ ಕೂಡಲೇ ಮೊಸರಿನಂತೆ ದಪ್ಪನಾಗಿ ಒಡೆಯುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಹಾಗೆ ಒಡೆಯುವುದಿಲ್ಲ. ಆದರೆ ಬಹಳ ಹೊತ್ತು ಬಿಟ್ಟರೆ ಮೆಗ್ನೀಷಿಯಂ ಕೂಡ ಅಮೋನಿಯ, ರಂಜಕಗಳೊಡನೆ ಸೇರಿ ಸಣ್ಣ ಹರಳು ಕಟ್ಟುವುದುಂಟು. ಆದ್ದರಿಂದ ಮೊದಲ ಒಂದೆರಡು ನಿಮಿಷದಲ್ಲಿ ಕಂಡದ್ದನ್ನಷ್ಟೇ ನಂಬಬೇಕು. ಅರ್ಧಂಬರ್ಧ ಬೆರಕೆಯನ್ನು ಈ ಪರೀಕ್ಷೆ ಹಿಡಿಯಲಾರದು. ನನ್ನ ಮಟ್ಟಿಗೆ ಸೋಡದ ಪರೀಕ್ಷೆಯೇ ಹೆಚ್ಚು ಭರವಸೆಯದು.

ಲೋಟದಲ್ಲಿ ಒಡೆದ ಆ ಮೊಸರು ಇನ್ನೊಂದು ಮಾತನ್ನೂ ಹೇಳುತ್ತದೆ. ಸತುವಿನ ಸಲ್ಫೇಟನ್ನು ಡಿ.ಎ.ಪಿ. ಅಥವಾ ಸೂಪರ್ ಫಾಸ್ಫೇಟಿನೊಡನೆ ಒಂದೇ ಬುಟ್ಟಿಯಲ್ಲಿ ಕಲಸಿ ಎರಚಿದರೆ ಇದೇ ರೀತಿ ಬೇರಿಗೆ ಸುಲಭವಾಗಿ ಸಿಗದ ರೂಪಕ್ಕೆ ತಿರುಗುತ್ತದೆ. ಸತುವನ್ನು ಮರಳು ಅಥವಾ ಒಣ ಮಣ್ಣಿನೊಡನೆ ಬೆರೆಸಿ ಬೇರೆಯಾಗಿಯೇ ಎರಚಬೇಕು. ಅಸಲಿ ಮಾಲು ಹಾಕಿಯೂ ಫಲ ಕಾಣದವರು ಈ ಬುಟ್ಟಿಯನ್ನು ಒಮ್ಮೆ ಜ್ಞಾಪಿಸಿಕೊಳ್ಳಲಿ. ಪೈರಿನಲ್ಲಿ ಈಗಾಗಲೇ ಚುಕ್ಕೆ ಕಂಡಿದ್ದರೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಬಹುದು.

ಏಳು ನೀರಿನ ಕಣಗಳ ಸತುವಿನ ಸಲ್ಫೇಟಿನಲ್ಲಿ ನೂರಕ್ಕೆ 21 ಭಾಗಕ್ಕೆ ಕಡಿಮೆಯಿಲ್ಲದಂತೆ ಸತುವಿರಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆ ವಿಧಿಸುತ್ತದೆ. ನಿಮ್ಮ ಕೊಳವೆಯಲ್ಲಿ ಗಸಿ ಉಳಿದರೆ ಅದು ಸಂಶಯಕ್ಕೆ ಆಧಾರವೇ ಹೊರತು ಕಾನೂನಿನ ಸಾಕ್ಷಿಯಲ್ಲ. ರಸಗೊಬ್ಬರ ಪರಿವೀಕ್ಷಕರು ಕ್ರಮಪ್ರಕಾರ ತೆಗೆದ ಮಾದರಿಗೆ ಮಾತ್ರ ಆ ಬೆಲೆ. ಆದ್ದರಿಂದ ಕೊಂಡ ದಿನವೇ ಒಂದು ಚೀಲವನ್ನು ಪರೀಕ್ಷಿಸಿ, ಸಂಶಯ ಬಂದರೆ ಉಳಿದ ಚೀಲಗಳ ಹೊಲಿಗೆ ಬಿಚ್ಚದೆ, ರಶೀದಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ಅಂಗಡಿಯಲ್ಲಿ ಅದೇ ತಂಡದ ಮಾಲು ಇನ್ನೂ ಇರುವಾಗಲೇ ಪರಿವೀಕ್ಷಕರು ಅಲ್ಲಿಗೆ ಹೋಗಲು ಅನುಕೂಲವಾಗುತ್ತದೆ.