ಅಂಕಿಯ ಕೆಲಸ ಕಲಿಯಹೊರಟವರಿಗೆ

ಸೊರಬ, ಶಿಕಾರಿಪುರದ ವಿದ್ಯಾವಂತ ತರುಣ ತರುಣಿಯರೇ, ಸಂಶೋಧನಾ ಸಂಸ್ಥೆಗಳಲ್ಲಿ ಕೆಲವು ತಿಂಗಳು ಅಂಕಿ-ಅಂಶದ ತರಬೇತಿ ಪಡೆಯಲು ನಿಮ್ಮಲ್ಲಿ ಕೆಲವರಿಗೆ ಆಸೆಯಿದೆ. ಒಳ್ಳೆಯದು. 1972ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂಥ ಕಡೆ ಸರ್ಕಾರದ ಯೋಜನೆಗಳನ್ನು ಅಂಕಿಗಳಿಂದ ತೂಗಿ ನೋಡುತ್ತಾರೆ. ಆದರೆ ಆ ಅಂಕಿ ಹುಟ್ಟುವುದು ನಮ್ಮ ಗದ್ದೆಗಳಲ್ಲಿ. ಬೆಳೆ ಕಟಾವು ಪ್ರಯೋಗವನ್ನು ಮೊದಲು ಕಣ್ಣಾರೆ ನೋಡಿರಿ.

ಭತ್ತದ ಗದ್ದೆಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡನ್ನು ಅಳೆದು ಗುರುತಿಸಿ, ಕೊಯ್ದು, ಬಡಿದು, ತೂಗುತ್ತಾರೆ. 10 ಕಿಲೋ ಬಂದರೆ ಹೆಕ್ಟೇರಿಗೆ ಅದರ 400 ಪಟ್ಟು, ಅಂದರೆ 4,000 ಕಿಲೋ. ತಕ್ಕಡಿ 1 ಕಿಲೋ ತಪ್ಪಿದರೆ ಲೆಕ್ಕ 400 ಕಿಲೋ ತಪ್ಪಿತು! ಹಸಿ ಭತ್ತ ಒಣಗಿದಾಗ ತೂಕ ಇಳಿಯುವುದನ್ನೂ ಹಿಡಿಯಬೇಕು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರ ಬಹುಮಟ್ಟಿಗೆ ಇಂಥ ಪ್ರಯೋಗಗಳ ಸರಾಸರಿಯನ್ನೇ ಅವಲಂಬಿಸಿದೆ.

ಯಾವ ಗದ್ದೆ? ರಸ್ತೆ ಪಕ್ಕದ್ದಲ್ಲ, ಊರ ದೊಡ್ಡವರು ತೋರಿಸಿದ್ದೂ ಅಲ್ಲ. ಸರ್ವೆ ನಂಬರುಗಳಿಂದ ಚೀಟಿ ಎತ್ತಿದಂತೆ ಬಂದದ್ದು. ಕೆರೆ ಕೆಳಗಿನ ಮೊದಲ ಗದ್ದೆಗೂ ನೀರು ಮುಟ್ಟದ ಕೊನೆಯ ಗದ್ದೆಗೂ ಅವಕಾಶ ಸಮನಾಗಿರಬೇಕು. ಇಷ್ಟಾದರೂ ಸರಾಸರಿಯೊಳಗೆ ಕೊನೆಯ ಗದ್ದೆಯವನ ಪಾಡು ಮುಚ್ಚಿಹೋಗಬಹುದು. ಆದ್ದರಿಂದ ಅತಿ ಕಡಿಮೆ ಬಂದದ್ದೆಷ್ಟು ಎಂದೂ ಕೇಳಿ ಬರೆದುಕೊಳ್ಳಿರಿ.

ಅಳತೆ ಸಣ್ಣ ಮಾತಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿಯಲು ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು ಕಾರಣ.

ಗಣಕಯಂತ್ರದ ಪಾಠ ಆಮೇಲೆ ಇದ್ದೇ ಇದೆ. ಕೊಯ್ಲಿನ ಕಾಲಕ್ಕೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ನೋಟುಪುಸ್ತಕ ಹಿಡಿದು ಗದ್ದೆಗೆ ಬನ್ನಿರಿ.